ಡ್ರಮ್ಮೂ ಇಲ್ಲ, ಕೋಲು ಹಿಡಿಯೋರೂ ಇಲ್ಲ: ಐದು ಜನರ ಬ್ರಾಸ್ ತಂಡ ಅಂದ್ರೆ ಏನು?

ಹೋದ ತಿಂಗಳು ಹಾಸನದಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಸಂಜೆ ಛತ್ರದ ಗೇಟ್ ಹತ್ರ ಬ್ಯಾಂಡ್ ಸೆಟ್ಟಿನವರು ಬಂದು ನಿಂತಿದ್ರು, ಗಂಡಿನ ಕಡೆಯವರ ಕಾರು ಇನ್ನೂ ಬಂದಿರಲಿಲ್ಲ, ಎಲ್ಲರೂ ಕಾಫಿ ಕುಡೀತಾ ಟೈಂಪಾಸ್ ಮಾಡ್ತಿದ್ವಿ. ಆಗ ನಮ್ಮಕ್ಕನ ಮಗ ಫೋನ್ ತೆಗೆದು ಒಂದು ವಿಡಿಯೋ ತೋರಿಸ್ದ. ಸೂಟು ಹಾಕ್ಕೊಂಡ ಐದು ಜನ, ಕೈಲಿ ನಮ್ಮ ಬ್ಯಾಂಡ್ ಸೆಟ್ಟಿನವರ ತರದ್ದೇ ಹೊಳೆಯೋ ವಾದ್ಯಗಳು, ಎದುರಿಗೆ ಪಿಟಿಕ್ಕನ್ನದೆ ಕೂತಿರೋ ಜನ. ಇಂಥದೇ ಒಂದು ವಿದೇಶಿ ತಂಡ ಬೆಂಗಳೂರಿಗೆ ಬರ್ತಿದೆ, ಟಿಕೆಟ್ ತಗೊಂಡಿದೀನಿ ಅಂದ.

ನಮ್ಮತ್ತೆ ನೋಡಿದ್ರು. "ಡ್ರಮ್ಮೇ ಇಲ್ವಲ್ಲೋ, ಇದೆಂಥ ಬ್ಯಾಂಡು? ದುಡ್ಡು ಕೊಟ್ಟು ಕೂತ್ಕೊಂಡು ಕೇಳ್ತೀಯಾ ಇದನ್ನ?" ಮಾವ ಕನ್ನಡಕ ಏರಿಸ್ಕೊಂಡು, "ಅದಿರ್ಲಿ, ಮುಂದೆ ಕೋಲು ಆಡಿಸ್ತಾರಲ್ಲ, ಅವನೆಲ್ಲಿ?" ಅಂದ್ರು.

ಹುಡುಗನ ಹತ್ರ ಉತ್ತರ ಇರ್ಲಿಲ್ಲ. ಆದ್ರೆ ಎರಡೂ ತುಂಬ ಸರಿಯಾದ ಪ್ರಶ್ನೆ. ನಾನು ಈ ಸಂಗೀತ ಸುಮಾರು ವರ್ಷದಿಂದ ಕೇಳ್ತಾ ಇರೋದ್ರಿಂದ, ಫ್ಯಾಮಿಲಿ ಗ್ರೂಪಲ್ಲಿ ತುಂಡುತುಂಡಾಗಿ ಟೈಪ್ ಮಾಡೋ ಬದ್ಲು ಇಲ್ಲೇ ಒಟ್ಟಿಗೆ ಬರೆದುಬಿಡೋಣ ಅನ್ನಿಸ್ತು.

ಚೇಂಬರ್ ಅಂದ್ರೆ ಕೋಣೆ, ಅಷ್ಟೇ

ಇಂಥ ತಂಡಕ್ಕೆ ಬ್ರಾಸ್ ಚೇಂಬರ್ ತಂಡ ಅಂತಾರೆ, ಐದು ಜನ ಇದ್ರೆ ಬ್ರಾಸ್ ಕ್ವಿಂಟೆಟ್. ಬ್ರಾಸ್ ಅಂದ್ರೆ ಹಿತ್ತಾಳೆ, ತಾಮ್ರಕ್ಕೆ ಸತು ಬೆರೆಸಿದ ಲೋಹ, ನಮ್ಮನೆ ದೀಪದ ಕಂಬ ಆಗಿರೋದು ಅದರಲ್ಲೇ. ಚೇಂಬರ್ ಅಂದ್ರೆ ಕೋಣೆ. ಹಿಂದೆ ಯುರೋಪಲ್ಲಿ ದೊಡ್ಡವರ ಮನೆ ಕೋಣೆಗಳಲ್ಲಿ ನಾಲ್ಕೈದು ಜನ ಕೂತು ನುಡಿಸ್ತಿದ್ದ ಸಂಗೀತಕ್ಕೆ ಆ ಹೆಸರು ಬಂತು. ಈಗ ದೊಡ್ಡ ಹಾಲಲ್ಲಿ ನುಡಿಸಿದ್ರೂ ಹೆಸರು ಮಾತ್ರ ಉಳ್ಕೊಂಡಿದೆ.

ಜನ ಕಮ್ಮಿ ಅನ್ನೋದಕ್ಕಿಂತ ಮುಖ್ಯವಾದ ನಿಯಮ ಒಂದಿದೆ, ಒಬ್ಬರು ನುಡಿಸೋದನ್ನ ಇನ್ನೊಬ್ಬರು ನುಡಿಸೋ ಹಾಗಿಲ್ಲ. ಪಾಶ್ಚಾತ್ಯರ ದೊಡ್ಡ ಆರ್ಕೆಸ್ಟ್ರಾದಲ್ಲಿ ಹತ್ತು ಹನ್ನೆರಡು ಪಿಟೀಲು ಸೇರಿ ಒಂದೇ ಸಾಲು ನುಡಿಸ್ತಾವೆ, ಒಬ್ಬ ತಪ್ಪಿದ್ರೆ ಮಿಕ್ಕವರು ಮುಚ್ಚಿಹಾಕ್ತಾರೆ. ಭಜನೆ ಮಂಡಳಿ ತರ ಅಂದ್ಕೊಳ್ಳಿ, ಹಿಂದಿನ ಸಾಲಲ್ಲಿ ಒಬ್ಬರ ಶ್ರುತಿ ಜಾರಿದ್ರೆ ಯಾರಿಗೆ ಗೊತ್ತಾಗುತ್ತೆ? ಚೇಂಬರ್ ಸಂಗೀತ ಹಂಗಲ್ಲ, ಅದು ಕಛೇರಿ ಇದ್ದ ಹಾಗೆ, ಪಿಟೀಲಿನವರು ನಿಲ್ಲಿಸಿದ್ರೆ ಆ ಜಾಗ ಖಾಲಿ, ಎಲ್ಲರಿಗೂ ಕೇಳ್ಸುತ್ತೆ.

ನಮ್ಮ ಬ್ಯಾಂಡ್ ಸೆಟ್ಟಿಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ. ಬ್ಯಾಂಡ್ ಸೆಟ್ಟಲ್ಲಿ ಮೂರ್ನಾಲ್ಕು ಟ್ರಂಪೆಟ್ ಒಂದೇ ಹಾಡಿನ ರಾಗ ಒಟ್ಟಿಗೆ ಊದ್ತಾವೆ, ಯಾಕಂದ್ರೆ ಅದು ರಸ್ತೆಗೆ ಮಾಡಿದ ಸಂಗೀತ, ಪಟಾಕಿ ಹಾರನ್ನು ಎಲ್ಲಾ ದಾಟಿ ಕೊನೇ ಮನೆಗೂ ಕೇಳ್ಬೇಕು. ಕ್ವಿಂಟೆಟ್ಟಲ್ಲಿ ಐದು ಜನಕ್ಕೂ ಬೇರೆಬೇರೆ ಮಾತು.

ವಾದ್ಯ ಹಿತ್ತಾಳೇದು, ಸದ್ದು ತುಟಿದು

ಇಲ್ಲಿ ಎಲ್ಲರೂ ಎಡವ್ತಾರೆ. ಹಿತ್ತಾಳೇಲಿ ಮಾಡಿದ್ದೆಲ್ಲ ಬ್ರಾಸ್ ವಾದ್ಯ ಅಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ನೆನಪಿದೆಯಲ್ಲ, ಅದು ಪೂರ್ತಿ ಹಿತ್ತಾಳೆ, ಆದ್ರೂ ಬ್ರಾಸ್ ವಾದ್ಯಗಳ ಲೆಕ್ಕಕ್ಕೆ ಬರಲ್ಲ. ಅದರ ಬಾಯಲ್ಲಿ ಒಂದು ಬೆತ್ತದ ಪಟ್ಟಿ ಇದೆ, ನಡುಗೋದು ಅದು. ನಾದಸ್ವರದಲ್ಲಿ ನಡುಗೋದು ಪೀಪಿ. ಬ್ರಾಸ್ ವಾದ್ಯದಲ್ಲಿ ಪೀಪಿಯೂ ಇಲ್ಲ ಪಟ್ಟಿಯೂ ಇಲ್ಲ, ಊದೋರ ತುಟಿಗಳೇ ನಡುಗಬೇಕು. ಚಿಕ್ಕ ಮಕ್ಕಳು ತುಟಿ ಬಿಗಿಹಿಡಿದು ಬುರ್ರ್ ಅಂತ ಬಸ್ ಓಡಿಸ್ತಾವಲ್ಲ, ಹೆಚ್ಚುಕಮ್ಮಿ ಅದೇ ಕೆಲಸ, ಇನ್ನೂ ಬಿಗಿಯಾಗಿ, ಇನ್ನೂ ಹತೋಟಿಯಲ್ಲಿ.

ಈ ಲೆಕ್ಕದಲ್ಲಿ ನೋಡಿದ್ರೆ ನಮ್ಮ ದೇವಸ್ಥಾನದ ಶಂಖ ಟ್ರಂಪೆಟ್ಟಿನ ದಾಯಾದಿ! ಹಿತ್ತಾಳೆ ಒಂದು ಚೂರೂ ಇಲ್ಲ, ಆದ್ರೆ ತುಟಿ ನಡುಗಿಸೇ ಊದಬೇಕು. ಉತ್ಸವದಲ್ಲಿ ಊದೋ ಕೊಂಬು, ಕಹಳೆ ಎಲ್ಲಾ ಅದೇ ಮನೆತನ. ಮೊದಲ ಸಲ ಶಂಖ ಊದೋಕೆ ಹೋದವರಿಗೆ ಗೊತ್ತಿರುತ್ತೆ, ಎಷ್ಟು ದಮ್ ಕಟ್ಟಿ ಊದಿದ್ರೂ ಬರೀ ಪುಸ್ ಅಂತ ಗಾಳಿ ಹೋಗುತ್ತೆ. ಉಸಿರು ಸಾಲ್ದೆ ಅಲ್ಲ, ತುಟಿ ಸರಿಯಾಗಿ ಕೂಡದೆ.

ಒಂದು ಮಾತು ಇಲ್ಲೇ ತಲೇಲಿ ಇಟ್ಕೊಳ್ಳಿ, ಮುಂದೆ ಪದೇ ಪದೇ ಬರುತ್ತೆ: ತುಟಿ ಅಂದ್ರೆ ಚರ್ಮ ಮತ್ತೆ ಸ್ನಾಯು, ಅದಕ್ಕೆ ಸುಸ್ತಾಗುತ್ತೆ.

ಒಂದು ಪೈಪಲ್ಲಿ ಎಷ್ಟು ಸ್ವರ ಅಡಗಿರುತ್ತೆ

ಮಾವನ ಇನ್ನೊಂದು ಡೌಟು, "ಮೂರೇ ಬಟನ್ ಇದೆ, ಅದರಲ್ಲಿ ಇಷ್ಟು ಸ್ವರ ಹೆಂಗೆ ಬರುತ್ತೆ?" ಹಾರ್ಮೋನಿಯಂ ನೋಡಿದವರಿಗೆ ಇದು ಬರೋ ಅನುಮಾನವೇ.

ಬಟನ್ನೇ ಇಲ್ಲದ ಬ್ಯೂಗಲ್ ತಗೊಳ್ಳಿ, ಪೊಲೀಸರು ಊದ್ತಾರಲ್ಲ ಅದು. ಪೈಪಿನ ಉದ್ದ ಬದಲಾಗಲ್ಲ, ಆದ್ರೂ ನಾಲ್ಕೈದು ಸ್ವರ ಬರುತ್ತೆ. ತುಟಿ ಸ್ವಲ್ಪ ಬಿಗಿ ಮಾಡಿದ್ರೆ ಸದ್ದು ಮೇಲಕ್ಕೆ ಜಾರಲ್ಲ, ಹಾರುತ್ತೆ. ಮೊದ್ಲು ಸ, ಆಮೇಲೆ ನೇರ ಪ, ಆಮೇಲೆ ಮೇಲಿನ ಸ, ಆಮೇಲೆ ಗ, ಆಮೇಲೆ ಪ. ಮಧ್ಯದ ರಿ, ಮ, ದ ಎಲ್ಲಾ ಆ ಪೈಪಲ್ಲಿ ಇಲ್ಲವೇ ಇಲ್ಲ. ಎತ್ತರೆತ್ತರದ ಮೆಟ್ಟಿಲು ಅಂತ ಇಟ್ಕೊಳ್ಳಿ, ಕೆಳಗಿನ ಮೆಟ್ಟಿಲುಗಳ ನಡುವೆ ಅಂತರ ಜಾಸ್ತಿ, ಮೇಲೆ ಹೋದ ಹಾಗೆ ಹತ್ತಿರ ಹತ್ತಿರ. ಇದು ಪ್ರಕೃತಿಯ ಲೆಕ್ಕ, ಯಾರೂ ಮಾಡಿದ್ದಲ್ಲ.

ಹಾಗಾದ್ರೆ ನಡುವಿನ ಸ್ವರಕ್ಕೆ ಏನ್ಮಾಡೋದು? ಪೈಪನ್ನೇ ಉದ್ದ ಮಾಡ್ಬೇಕು. ಉದ್ದ ಆದ್ರೆ ಇಡೀ ಮೆಟ್ಟಿಲಿನ ಸಾಲೇ ಕೆಳಕ್ಕಿಳಿಯುತ್ತೆ, ಹೊಸ ಸ್ವರಗಳು ಸಿಗ್ತಾವೆ. ಟ್ರಂಪೆಟ್ಟಿನ ಬಟನ್ ಮಾಡೋದು ಅದನ್ನೇ, ಒತ್ತಿದ್ರೆ ಒಳಗಿನ ಗಾಳಿ ಒಂದು ಚಿಕ್ಕ ಬಳಸು ಪೈಪಿನೊಳಗೆ ಸುತ್ತಿ ಬರುತ್ತೆ, ಗದ್ದೆಗೆ ನೀರು ಬಿಡುವಾಗ ಒಂದು ಕಡೆ ಮಣ್ಣು ಎಳೆದು ಇನ್ನೊಂದು ಕಾಲುವೆಗೆ ತಿರುಗಿಸ್ತೀವಲ್ಲ ಹಂಗೆ. ಈ ಬಟನ್ನಿಗೆ ವಾಲ್ವ್ ಅಂತಾರೆ. ನಡುವಿನದು ಅರ್ಧ ಸ್ವರ ಇಳಿಸುತ್ತೆ, ಮೊದಲನೇದು ಒಂದು ಸ್ವರ, ಮೂರನೇದು ಒಂದೂವರೆ ಸ್ವರ. ಬೇರೆಬೇರೆ ಜೋಡಿ ಮಾಡಿ ಒತ್ತಿದ್ರೆ ಏಳು ಉದ್ದ ಸಿಗುತ್ತೆ. ಏಳು ಉದ್ದ, ಒಂದೊಂದರಲ್ಲೂ ತುಟಿಯಿಂದ ಹತ್ತೋ ಮೆಟ್ಟಿಲು, ಎಲ್ಲಾ ಸೇರಿದ್ರೆ ಬೇಕಾದ ಸ್ವರ ಎಲ್ಲಾ ಬಂತು. ಟ್ರಾಂಬೋನಲ್ಲಿ ಬಟನ್ ಬದ್ಲು ಜಾರೋ ಪೈಪು, ಅದರಲ್ಲೂ ಏಳು ಜಾಗ. ಗುರುತು ಹಾಕಿರಲ್ಲ, ಪಿಟೀಲಿನ ಹಾಗೆ ಕಿವಿ ಮತ್ತೆ ಕೈ ಅಂದಾಜಿನ ಮೇಲೇ ನಿಲ್ಲಿಸ್ಬೇಕು.

ಈ ವಾಲ್ವ್ ಬಂದು ತುಂಬ ಕಾಲ ಆಗಿಲ್ಲ. ಜರ್ಮನ್ ನಾಡಿನ ಹೈನ್ರಿಶ್ ಸ್ಟೋಲ್ಜೆಲ್ ಮತ್ತೆ ಫ್ರೀಡ್ರಿಶ್ ಬ್ಲೂಮೆಲ್ ಅನ್ನೋ ಇಬ್ಬರು ಸೇರಿ 1818ರಲ್ಲಿ ಪೇಟೆಂಟ್ ತಗೊಂಡ್ರು. ಅದಕ್ಕೂ ಮುಂಚೆ ಹೆಚ್ಚಿನ ಟ್ರಂಪೆಟ್ಟಿನವರಿಗೆ ಆ ಮೆಟ್ಟಿಲುಗಳೇ ಗತಿ.

ಐದು ಜನ ಯಾರ್ಯಾರು

ಎರಡು ಟ್ರಂಪೆಟ್, ಒಂದು ಹಾರ್ನ್ (ಫ್ರೆಂಚ್ ಹಾರ್ನ್ ಅಂತಾರಲ್ಲ ಅದು), ಒಂದು ಟ್ರಾಂಬೋನ್, ಒಂದು ಟ್ಯೂಬಾ. ಟ್ರಂಪೆಟ್ ಬಿಚ್ಚಿ ನೆಟ್ಟಗೆ ಮಾಡಿದ್ರೆ ಸುಮಾರು ನಾಲ್ಕೂವರೆ ಅಡಿ ಪೈಪು, ಟ್ರಾಂಬೋನ್ ಒಂಬತ್ತು ಅಡಿ, ಹಾರ್ನ್ ಹನ್ನೆರಡು, ದೊಡ್ಡ ಟ್ಯೂಬಾ ಹದಿನೆಂಟು ಅಡಿವರೆಗೂ ಹೋಗುತ್ತೆ. ಉದ್ದ ಜಾಸ್ತಿ ಆದಷ್ಟೂ ಸದ್ದು ತಗ್ಗು, ಹಂಗಾಗಿ ಟ್ರಂಪೆಟ್ಟುಗಳು ಸಾಮಾನ್ಯವಾಗಿ ಮೇಲಿನ ರಾಗ ಹಾಡ್ತಾವೆ, ಟ್ಯೂಬಾ ಕೆಳಗೆ ಅಡಿಪಾಯ ಹಾಕುತ್ತೆ.

ಹಾರ್ನ್ ಮಾತ್ರ ವಿಚಿತ್ರ ಪ್ರಾಣಿ. ಹನ್ನೆರಡಡಿ ಪೈಪು, ಆದ್ರೆ ನುಡಿಸೋದು ಹೆಚ್ಚಾಗಿ ಮೇಲಿನ, ಹತ್ತಿರ ಹತ್ತಿರ ಇರೋ ಮೆಟ್ಟಿಲುಗಳಲ್ಲಿ. ತುಟಿ ಕೂದಲೆಳೆಯಷ್ಟು ತಪ್ಪಿದ್ರೆ ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟಂಗೆ, ಸದ್ದು ಒಡೆದುಹೋಗುತ್ತೆ. ಒಳ್ಳೊಳ್ಳೆ ವಾದಕರಿಗೂ ಇದು ತಪ್ಪಿದ್ದಲ್ಲ. ಎಡಗೈಲಿ ವಾಲ್ವ್ ಒತ್ತಿ ಬಲಗೈಯನ್ನ ಹಿಂದಿನ ಅಗಲ ಬಾಯಿಯೊಳಗೆ ಇಟ್ಕೊಂಡಿರ್ತಾರೆ, ಆ ಕೈಯಿಂದ ಶ್ರುತಿಯೂ ತಿದ್ದಬಹುದು, ನಾದವೂ ಮೆತ್ತಗಾಗುತ್ತೆ.

ಟ್ಯೂಬಾ ಐವರಲ್ಲಿ ಕಿರಿಯ. 1835ರಲ್ಲಿ ಬರ್ಲಿನ್ನಲ್ಲಿ ಪೇಟೆಂಟ್ ಆಗಿದ್ದು. ನಮ್ಮತ್ತೆ ಕೇಳಿದ ಡ್ರಮ್ಮಿನ ಕೆಲಸದಲ್ಲಿ ಅರ್ಧ ಇದರದ್ದೇ. ಮಿಕ್ಕಿದ್ದು ನಾಲಿಗೇದು, ಇದು ಕೇಳಿದ್ರೆ ನಮ್ಮ ಮೃದಂಗದವರು ಖುಷಿ ಪಡ್ತಾರೆ. ಪ್ರತಿ ಸ್ವರ ಶುರು ಮಾಡುವಾಗ ಊದೋರು ಬಾಯೊಳಗೆ "ತ" ಅಂತಾರೆ, ನಾಲಿಗೆ ಗಾಳಿಯನ್ನ ಕತ್ತರಿಸುತ್ತೆ. ವೇಗವಾಗಿ ಬೇಕಾದಾಗ ಬರೀ "ತ ತ ತ ತ" ಅಂದ್ರೆ ನಾಲಿಗೆ ಸೋಲುತ್ತೆ, ಆಗ "ತಕ ತಕ ತಕ" ಅಂತಾರೆ, ಮೂರರ ನಡೆಗೆ "ತತಕ ತತಕ". ಹೌದು, ಹೆಚ್ಚುಕಮ್ಮಿ ಬಾಯಲ್ಲೇ ಮೃದಂಗದ ಸೊಲ್ಲು ಹೇಳೋ ನಮ್ಮ ಕೊನ್ನಕ್ಕೋಲಿನ ಅದೇ ಅಕ್ಷರಗಳು, ಅದೇ ಕಾರಣಕ್ಕೆ. ಒಂದು ಅಕ್ಷರ ನಾಲಿಗೆ ತುದೀಲಿ, ಇನ್ನೊಂದು ನಾಲಿಗೆ ಬುಡದಲ್ಲಿ, ಒಂದು ಕೆಲಸ ಮಾಡುವಾಗ ಇನ್ನೊಂದಕ್ಕೆ ಪುರುಸೊತ್ತು ಸಿಗುತ್ತೆ.

ಕೋಲು ಹಿಡಿಯೋರಿಲ್ಲದೆ ಹೆಂಗೆ ಒಟ್ಟಿಗೆ ಬರ್ತಾರೆ

ಉಸಿರಿನಿಂದ. ವಿಡಿಯೋ ಮತ್ತೆ ಹಾಕಿ, ಶುರು ಆಗೋಕೆ ಮುಂಚಿನ ಒಂದು ಸೆಕೆಂಡ್ ನೋಡಿ. ಒಬ್ಬರು, ಹೆಚ್ಚಾಗಿ ಮೊದಲ ಟ್ರಂಪೆಟ್ಟಿನವರು, ವಾದ್ಯ ಸಣ್ಣಗೆ ಮೇಲೆತ್ತಿ ಉಸಿರು ಎಳ್ಕೊಳ್ತಾರೆ. ಆ ಉಸಿರು ಎಷ್ಟು ಉದ್ದವೋ ಹಾಡಿನ ಕಾಲ ಅಷ್ಟು. ನಿಧಾನಕ್ಕೆ ಎಳೆದ್ರೆ ವಿಳಂಬ, ಚಕ್ಕನೆ ಎಳೆದ್ರೆ ದ್ರುತ. ಮಿಕ್ಕ ನಾಲ್ವರೂ ಅದೇ ಉಸಿರು ಅವರ ಜೊತೆಗೇ ಎಳ್ಕೊಳ್ತಾರೆ, ಹಂಗಾಗಿ ಸದ್ದು ಒಟ್ಟಿಗೆ ಬರ್ಲೇಬೇಕು. ಅರ್ಧಚಂದ್ರಾಕಾರದಲ್ಲಿ ಇರೋದೂ ಅದಕ್ಕೇ, ಒಬ್ಬರ ಎದೆ ಏರಿದ್ದು ಇನ್ನೊಬ್ಬರಿಗೆ ಕಾಣ್ಬೇಕು.

ಶ್ರುತಿ ಸೇರಿಸೋದು ಇನ್ನೂ ಮಜವಾಗಿದೆ. ಪಿಯಾನೋದಲ್ಲಿ ಸ್ವರಗಳನ್ನ ಸಮಸಮ ಪಾಲು ಮಾಡಿ ಕೂರಿಸಿರ್ತಾರೆ, ಅದರ ಗಾಂಧಾರ ನಿಜವಾದ ಲೆಕ್ಕಕ್ಕಿಂತ ಚೂರು ಮೇಲಿರುತ್ತೆ. ಮೂರು ಹಿತ್ತಾಳೆ ವಾದ್ಯ ಸ, ಗ, ಪ ಒಟ್ಟಿಗೆ ಹಿಡಿದಾಗ ಗಾಂಧಾರ ಹಿಡಿದವರು ಪಿಯಾನೋ ಲೆಕ್ಕಕ್ಕೆ ಹೋದ್ರೆ ಗರಗರ ಅಂತ ಅಲೆ ಕೇಳ್ಸುತ್ತೆ. ಅವರು ಅರ್ಧ ಸ್ವರದ ಏಳನೇ ಒಂದು ಭಾಗದಷ್ಟು ಇಳಿಸ್ತಾರೆ, ಆಗ ಒಮ್ಮೆಗೇ ಮೂರೂ ಒಂದಾಗಿ ಹಾಲು ಕೆನೆಗಟ್ಟಿದ ಹಾಗೆ ನಿಂತುಬಿಡುತ್ತೆ. ಇದು ನಮಗೇನು ಹೊಸದಲ್ಲ. ತಂಬೂರಿಯ ಸ-ಪ ಮೀಟ್ತಾ ಕೂತ್ರೆ ಯಾರೂ ಮೀಟದ ಒಂದು ಗಾಂಧಾರ ಒಳಗಿಂದ ಕೇಳುತ್ತಲ್ಲ, ಸ್ವಯಂಭು ಗಾಂಧಾರ ಅಂತಾರೆ, ಇವರು ಹುಡುಕೋದೂ ಅದನ್ನೇ. ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ ತಂಬೂರಿ ಆಕಾರದ ಗುಡಿನೇ ಇದೆ, ಆ ಊರಿನ ಮಕ್ಕಳಿಗೆ ಇದನ್ನ ವಿವರಿಸೋ ಅಗತ್ಯ ಬೀಳಲಾರದು. ಆ ಗಾಂಧಾರ ಮತ್ತೆ ಬ್ಯೂಗಲ್ಲಿನ ಆ ನಾಲ್ಕನೇ ಸ್ವರ, ಗಾಂಧಾರ, ಎರಡೂ ಒಂದೇ ಲೆಕ್ಕದಿಂದ ಹುಟ್ಟಿದ್ದು, ಒಂದು ತಂತಿಯೊಳಗೆ, ಇನ್ನೊಂದು ಗಾಳಿಯೊಳಗೆ.

ಎಲ್ಲಿಂದ ಶುರು ಆಯ್ತು

ಐದು ಜನ ತುಟಿಯಲ್ಲಿ ಊದೋದು ಹಳೇ ಪದ್ಧತಿ. ಜರ್ಮನಿಯ ಲೈಪ್ಜಿಗ್ ಊರಲ್ಲಿ ಪುರಸಭೆಯೇ ಸಂಬಳ ಕೊಟ್ಟು ವಾದಕರನ್ನ ಇಟ್ಕೊಂಡಿತ್ತು, ಅವರು ದಿನಾ ಬೆಳಿಗ್ಗೆ ಹತ್ತಕ್ಕೆ ಎತ್ತರದಲ್ಲಿ ನಿಂತು ಊರಿಗೆಲ್ಲ ಕೇಳೋ ಹಾಗೆ ಊದ್ತಿದ್ರು. ಯೋಹಾನ್ ಪೆಜೆಲ್ ಅನ್ನೋ ಅವರಲ್ಲೊಬ್ಬ ಅದಕ್ಕೆಂದೇ ಐದು ಸಾಲಿನ 40 ತುಣುಕು ಬರೆದು 1670ರಲ್ಲಿ ಅಚ್ಚು ಹಾಕಿಸ್ದ, ಹೆಸರೇ "ಹತ್ತನೇ ಗಂಟೆ" ಅಂತ. ಅದಕ್ಕೂ ಮುಂಚೆ ವೆನಿಸ್ಸಿನ ಸಂತ ಮಾರ್ಕನ ಚರ್ಚಲ್ಲಿ ಜೊವಾನಿ ಗಾಬ್ರಿಯೇಲಿ ಅನ್ನೋ ಸಂಗೀತ ರಚನೆಕಾರ ವಾದಕರನ್ನ ಎದುರುಬದುರು ನಿಲ್ಲಿಸಿ ಪ್ರಶ್ನೆ-ಉತ್ತರದ ತರ ಊದಿಸ್ತಿದ್ದ. 1597ರ ಅವನ ಒಂದು ರಚನೆಯಲ್ಲಿ ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಅಂತ ಬರೆದಿಟ್ಟಿದಾನೆ, ಹಾಗೆ ಬರೆದವರಲ್ಲಿ ಅವನು ಮೊದಮೊದಲಿಗ.

ವಾಲ್ವ್ ಬಂದ ಮೇಲಿನ ಕ್ವಿಂಟೆಟ್ಟಿಗೆ ಮನಸಿಟ್ಟು ಬರೆದವರಲ್ಲಿ ಒಬ್ಬರು ಸಿವಿಲ್ ಇಂಜಿನಿಯರ್! ರಷ್ಯಾದ ವಿಕ್ಟರ್ ಎವಾಲ್ಡ್ (1860–1935), ಸೇಂಟ್ ಪೀಟರ್ಸ್‌ಬರ್ಗಲ್ಲಿ ಪ್ರೊಫೆಸರ್ ಆಗಿದ್ರು, ಸಂಗೀತ ಹವ್ಯಾಸ. ಅವರ ನಾಲ್ಕು ಕ್ವಿಂಟೆಟ್ಟು ಇವತ್ತಿಗೂ ಎಲ್ಲಾ ತಂಡಗಳ ಚೀಲದಲ್ಲಿರುತ್ತೆ.

ಆದ್ರೆ ಇದನ್ನೇ ಹೊಟ್ಟೆಪಾಡು ಮಾಡ್ಕೊಂಡು ಊರೂರು ತಿರುಗೋ ತಂಡಗಳು ಎರಡನೇ ಮಹಾಯುದ್ಧ ಆದ ಮೇಲಿನವು. ಲಂಡನ್ನಲ್ಲಿ ಟ್ರಂಪೆಟ್ ವಾದಕ ಫಿಲಿಪ್ ಜೋನ್ಸ್ 1951ರಲ್ಲಿ ತಂಡ ಕಟ್ಟಿದ್ರು, ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಹುಟ್ಟಿದ್ದು 1960ರಲ್ಲಿ, ಅವರು ಟ್ಯೂಬಾ ಬಿಟ್ಟು ದೊಡ್ಡ ಟ್ರಾಂಬೋನ್ ಇಟ್ಕೊಂಡ್ರು. ಜನಸಾಮಾನ್ಯರವರೆಗೆ ಇದನ್ನ ತಂದಿದ್ದು ಮಾತ್ರ ಕೆನಡಿಯನ್ ಬ್ರಾಸ್ ಅನ್ನಬಹುದು, 1970ರಲ್ಲಿ ಟೊರೊಂಟೊದಲ್ಲಿ ಟ್ಯೂಬಾ ವಾದಕ ಚಕ್ ಡೆಲನ್‌ಬಾಕ್ ಮತ್ತೆ ಟ್ರಾಂಬೋನಿನ ಜೀನ್ ವಾಟ್ಸ್ ಶುರು ಮಾಡಿದ್ದು. ಸೂಟಿನ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕ್ಕೊಂಡು ಬರ್ತಾರೆ, ಹಾಡಿನ ನಡುವೆ ಜನರ ಹತ್ರ ಹರಟೆ ಹೊಡೀತಾರೆ, ಹಳೇ ಕಾಲದ ಜರ್ಮನ್ ರಚನೆಕಾರ ಬಾಖ್‌ನ ಸಂಗೀತ ಆದ ಮೇಲೆ ಜಾಸ್ ನುಡಿಸ್ತಾರೆ. ಬಾಖ್ ಇವರಿಗಂತ ಏನೂ ಬರೆದಿರಲಿಲ್ಲ, ಚರ್ಚಿನ ಆರ್ಗನ್ ವಾದ್ಯಕ್ಕೆ ಬರೆದಿದ್ದನ್ನ ಐವರಿಗೆ ಹಂಚ್ಕೊಂಡು ನುಡಿಸೋದು. ಇಂಥ ತಂಡಗಳ ಕಾರ್ಯಕ್ರಮದಲ್ಲಿ ಹೀಗೆ ಹಂಚಿಕೊಂಡಿದ್ದೇ ಅರ್ಧಕ್ಕರ್ಧ ಇರುತ್ತೆ.

ನಮ್ಮ ಕಡೆಗೆ ಈ ವಿದೇಶಿ ಹಿತ್ತಾಳೆ ವಾದ್ಯ ಬಂದಿದ್ದು ಬ್ರಿಟಿಷ್ ಪಡೆ ಮತ್ತೆ ಮೈಸೂರು ಅರಮನೆ ದಾರೀಲಿ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಅಂತ ಎರಡಿತ್ತು. ಕದ್ರಿ ಗೋಪಾಲನಾಥರು ಚಿಕ್ಕವರಿದ್ದಾಗ ಸ್ಯಾಕ್ಸೊಫೋನಿಗೆ ಮನಸೋತಿದ್ದೂ ಅದೇ ಅರಮನೆ ಬ್ಯಾಂಡ್ ಕೇಳಿ. ದಸರಾದಲ್ಲಿ ಪೊಲೀಸ್ ಬ್ಯಾಂಡ್ ಕೇಳಿದವರು ಇವತ್ತಿಗೂ ಅದರ ಬಾಲ ಹಿಡಿದಿದಾರೆ ಅಂತ್ಲೇ ಲೆಕ್ಕ.

ಊರೂರು ತಿರುಗೋದ್ರ ಕಷ್ಟ

ಪಿಟೀಲಿನವರು ಬೆಳಿಗ್ಗೆಯಿಂದ ಆರು ತಾಸು ಅಭ್ಯಾಸ ಮಾಡಿ ಸಂಜೆ ಕಛೇರಿ ಕೊಟ್ರೆ ಬೆರಳು ತಡ್ಕೊಳ್ಳುತ್ತೆ. ತುಟಿ ತಡೆಯಲ್ಲ. ವಾದ್ಯದ ಊದೋ ತುದಿಯಲ್ಲಿರೋ ಚಿಕ್ಕ ಲೋಹದ ಬಟ್ಟಲನ್ನ ತುಟಿಗೆ ಒತ್ತಿ ಹಿಡಿದು ನಡುಗಿಸ್ತಾ ಇದ್ರೆ ರಕ್ತ ಓಡಾಡೋದು ಕಮ್ಮಿಯಾಗಿ ತುಟಿ ಊದ್ಕೊಳ್ಳುತ್ತೆ, ಆಮೇಲೆ ಮೊದ್ಲು ಕೈಕೊಡೋದು ಮೇಲಿನ ಸ್ವರಗಳು. ಅದಕ್ಕೇ ಪ್ರವಾಸದಲ್ಲಿ ಕಾರ್ಯಕ್ರಮದ ದಿನ ರಿಹರ್ಸಲ್ ಚಿಕ್ಕದು, ಜೋರು ಜಾಗಗಳನ್ನ ಮೆಲ್ಲಗೆ ನುಡಿಸಿ ಬಿಡ್ತಾರೆ, ಬೆಳಿಗ್ಗೆ ಬರೀ ಉದ್ದುದ್ದ ಮೆದು ಸ್ವರ ಹಿಡಿದು ತುಟಿ ಎಬ್ಬಿಸ್ತಾರೆ. ಹಾಡುಗಳ ಸರದಿಯನ್ನೂ ತುಟಿ ನೋಡ್ಕೊಂಡೇ ಜೋಡಿಸ್ತಾರೆ, ಒಂದು ಜೋರಿನದಾದ ಮೇಲೆ ಮೆಲ್ಲನೆಯದು, ಟ್ರಂಪೆಟ್ಟಿಗೆ ಕಷ್ಟ ಆದ ಮೇಲೆ ಹಾರ್ನಿಗೆ ರಾಗ ಕೊಡೋದು. ಆ ನಡುವಿನ ಹರಟೆ ಇದೆಯಲ್ಲ, ಅದು ಜನರನ್ನ ನಗಿಸೋಕೆ ಅಂತ ನಾವು ಅಂದ್ಕೊಳ್ತೀವಿ, ಎರಡು ನಿಮಿಷ ಒಬ್ಬ ಮಾತಾಡಿದ್ರೆ ನಾಲ್ಕು ತುಟಿಗೆ ವಿಶ್ರಾಂತಿ.

ಹಾಲ್ ಇನ್ನೊಂದು ತಲೆನೋವು. ಮೈಕ್ ಇಲ್ಲದೆ ನುಡಿಸೋದು ಇವರ ವಾಡಿಕೆ. ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತೆ, ಅದರ ಸದ್ದು ಹಿಂದಿನ ಗೋಡೆಗೆ ಬಡಿದು ನಮ್ಮ ಕಡೆ ಬರ್ಬೇಕು. ನಮ್ಮಲ್ಲಿ ಕಲಾಮಂದಿರ ಅಂದ್ರೆ ಹಿಂದೆ ದಪ್ಪ ವೆಲ್ವೆಟ್ ಪರದೆ ಬಿಟ್ಟಿರೋದು ರೂಢಿ, ಬಟ್ಟೆ ಸದ್ದು ಕುಡಿಯುತ್ತೆ, ಹಾರ್ನ್ ಎಲ್ಲಿ ಹೋಯ್ತು ಅಂತ ಹುಡುಕ್ಬೇಕಾಗುತ್ತೆ. ಯಾರಾದ್ರೂ ಹಾಸನಕ್ಕೋ ಚಿಕ್ಕಮಗಳೂರಿಗೋ ಇಂಥ ತಂಡ ಕರೆಸೋದಾದ್ರೆ ಮೊದ್ಲು ಆ ಪರದೆ ಎತ್ತಿಸಿ.

ಹವೆ ಕೂಡ. ಗಾಳಿ ಬಿಸಿಯಾದ್ರೆ ಸದ್ದು ಬೇಗ ಓಡುತ್ತೆ, 15 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 30 ಡಿಗ್ರಿಯಲ್ಲಿ 349. ಅಷ್ಟಕ್ಕೇ ಪೈಪಿನ ಶ್ರುತಿ ಅರ್ಧ ಸ್ವರದ ಅರ್ಧದ ಹತ್ರ ಏರಬಹುದು, ಊದೋರ ಉಸಿರೇ ಒಳಗಿನ ಗಾಳಿ ಬೆಚ್ಚಗಿಡೋದ್ರಿಂದ ಅಷ್ಟೊಂದು ಆಗಲ್ಲ, ಆದ್ರೂ ಕಿವಿಗೆ ಗೊತ್ತಾಗುವಷ್ಟು ಆಗುತ್ತೆ. ಜನವರಿಯ ಚಿಕ್ಕಮಗಳೂರಿನ ಚಳಿಯಲ್ಲಿ ಶ್ರುತಿ ತಗ್ಗು, ಮಾರನೇ ದಿನ ಕರಾವಳಿಗೆ ಇಳಿದ್ರೆ ಏರು, ದಿನಾ ಪೈಪಿನ ತುಂಡು ಎಳೆದು ತಳ್ಳಿ ಸರಿ ಮಾಡ್ಕೋತಾ ಇರ್ಬೇಕು. ನಿಲ್ಲಿಸಿರೋ ವಾದ್ಯ ತಣ್ಣಗಾಗಬಾರ್ದು ಅಂತ ಸದ್ದಿಲ್ಲದೆ ಬೆಚ್ಚನೆ ಉಸಿರು ಬಿಡ್ತಾ ಕೂತಿರ್ತಾರೆ.

ಅಂದಹಾಗೆ ಅವರು ಆಗಾಗ ಒಂದು ಚಿಕ್ಕ ಕೀಲಿ ಒತ್ತಿ ನೆಲಕ್ಕೆ ನೀರು ಬಿಡ್ತಾರಲ್ಲ, ನಮ್ಮತ್ತೆ "ಥೂ, ಎಂಜಲು" ಅಂದ್ರು. ಅದರಲ್ಲಿ ಎಂಜಲು ಕಮ್ಮಿ. ಉಸಿರಲ್ಲಿರೋ ಆವಿ ತಣ್ಣನೆ ಲೋಹಕ್ಕೆ ತಾಗಿ ನೀರಾಗಿದ್ದು, ಅನ್ನದ ಪಾತ್ರೆ ಮುಚ್ಚಳದ ಒಳಗೆ ಕೂರುತ್ತಲ್ಲ ಅಂಥದ್ದೇ. ತೆಗೀದಿದ್ರೆ ಸದ್ದಲ್ಲಿ ಗೊರಗೊರ ಬರುತ್ತೆ.

ಮತ್ತೆ ಆವತ್ತಿನ ಮದುವೆ ಮನೆಗೆ ಬರೋಣ. ಅಷ್ಟರಲ್ಲಿ ಗೇಟ್ ಹತ್ರ ಇದ್ದ ಬ್ಯಾಂಡ್ ಸೆಟ್ಟಿನ ಟ್ರಂಪೆಟ್ ಅಣ್ಣ ನಮ್ಮ ಗಲಾಟೆ ನೋಡಿ ಬಂದ್ರು. ಹುಡುಗ ಫೋನ್ ಅವರ ಕೈಗೇ ಕೊಟ್ಟ. ಅವರು ಮೂರ್ನಾಲ್ಕು ನಿಮಿಷ ಮಾತಾಡದೆ ನೋಡಿದ್ರು, ಒಂದು ಕಡೆ ಹಿಂದಕ್ಕೆ ಎಳೆದು ಮತ್ತೆ ನೋಡಿದ್ರು. ಡ್ರಮ್ ಎಲ್ಲಿ ಅಂತ್ಲೂ ಕೇಳ್ಲಿಲ್ಲ, ಕೋಲು ಎಲ್ಲಿ ಅಂತ್ಲೂ ಕೇಳ್ಲಿಲ್ಲ. "ಇವ್ರಿಗೆ ಮಧ್ಯ ರೆಸ್ಟ್ ಎಷ್ಟೊತ್ತು ಕೊಡ್ತಾರೆ ಸಾರ್?" ಅಂದ್ರು. ಹದಿನೈದು ಇಪ್ಪತ್ತು ನಿಮಿಷದ ಇಂಟರ್‌ವಲ್ ಇರುತ್ತೆ ಅಂದೆ. "ಹೂಂ" ಅಂದ್ರು. ಕಾರು ಬಂತು ಅಂತ ಯಾರೋ ಕೂಗಿದ್ರು, ಅವರು ಫೋನ್ ವಾಪಸ್ ಕೊಟ್ಟು, ತುಟಿ ಒಂದ್ಸಲ ಸವರ್ಕೊಂಡು, ಓಡಿದ್ರು.